ನಮ್ಮ ದೇವಯ್ಯ ಹಾರಿದ ‘ಟೈಗರ್ಸ್’ ಸ್ಕ್ವಾಡ್ರನ್: 4 ವಾಪಿಟಿಯಿಂದ ಮಿರಾಜ್‌ವರೆಗಿನ ಪೂರ್ತಿ ಕತೆ

ಮಡಿಕೇರಿ: ನಮ್ಮೂರ ಪೇಟೆಯಲ್ಲಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತ ಇದೆ, ಅವರ ಪ್ರತಿಮೆಯೂ ಇದೆ. ಬಸ್ ಇಳಿದವರು, ಸಂತೆಗೆ ಬಂದವರು, ಅಂಗಡಿ ಬಾಗಿಲು ತೆಗೆಯೋಕೆ ಹೊರಟವರು ದಿನಾ ಅದನ್ನ ನೋಡ್ತಾರೆ. ಆದರೆ ಮೊನ್ನೆ ಟೀ ಅಂಗಡಿಯಲ್ಲಿ ನಿಂತಿದ್ದ ನಾಲ್ಕೈದು ಜನರನ್ನ ಸುಮ್ಮನೆ ಕೇಳಿದೆ. ‘ದೇವಯ್ಯ ಅವರು ಹಾರಿಸಿದ ವಿಮಾನ ಯಾವುದು?’ ಒಬ್ಬರು ಮಿಗ್ ಅಂದ್ರು, ಇನ್ನೊಬ್ಬರು ಜೆಟ್ ಅಂದ್ರು. ‘ಅವರ ಸ್ಕ್ವಾಡ್ರನ್ ಯಾವುದು?’ ಅಂದಾಗ ಯಾರೂ ಮಾತಾಡಲಿಲ್ಲ. ನಿಜ ಹೇಳಬೇಕಂದ್ರೆ ಕಳೆದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ.

ಅವರ ಸ್ಕ್ವಾಡ್ರನ್ ಅಂತಿಂಥದ್ದಲ್ಲ. ಭಾರತೀಯ ವಾಯುಪಡೆಯ ಮೊಟ್ಟಮೊದಲನೆಯದು. ಹೆಸರು ‘ನಂಬರ್ 1 ಸ್ಕ್ವಾಡ್ರನ್’, ಅಡ್ಡಹೆಸರು ‘ಟೈಗರ್ಸ್’. ಲಾಂಛನದಲ್ಲಿ ರೆಕ್ಕೆ ಇರೋ ಹುಲಿ. ಧ್ಯೇಯವಾಕ್ಯ ‘ಏಕತಾ ಮೇ ಶಕ್ತಿ’, ಅಂದರೆ ಒಗ್ಗಟ್ಟಿನಲ್ಲಿ ಬಲ. ಸಿನಿಮಾ ಬಂದ ಮೇಲೆ ಈ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ. ಹಾಗಾಗಿ ಸ್ಕ್ವಾಡ್ರನ್ ಇತಿಹಾಸ, ಅದು ಬಳಸಿದ ವಿಮಾನಗಳು, ಮಧ್ಯದಲ್ಲಿ ನಮ್ಮ ಕೊಡಗಿನವರ ಪಾತ್ರ, ಎಲ್ಲವನ್ನೂ ಒಂದೇ ಕಡೆ ಕೊಡ್ತಾ ಇದ್ದೇವೆ. ಮಕ್ಕಳ ಶಾಲೆ ಪ್ರಾಜೆಕ್ಟ್‌ಗೂ ಉಪಯೋಗಕ್ಕೆ ಬರಬಹುದು, ಸೇವ್ ಮಾಡಿಟ್ಟುಕೊಳ್ಳಿ.

ಸ್ಕ್ವಾಡ್ರನ್ ಅಂದ್ರೆ ಏನು?

ಸೇನೆಯಲ್ಲಿ ಬೆಟಾಲಿಯನ್ ಇದ್ದ ಹಾಗೆ ವಾಯುಪಡೆಯಲ್ಲಿ ಸ್ಕ್ವಾಡ್ರನ್. ಒಂದು ಫೈಟರ್ ಸ್ಕ್ವಾಡ್ರನ್‌ನಲ್ಲಿ ಸಾಮಾನ್ಯವಾಗಿ 16ರಿಂದ 18 ವಿಮಾನ ಇರುತ್ತವೆ. ಜೊತೆಗೆ ಪೈಲಟ್‌ಗಳು, ಎಂಜಿನಿಯರ್‌ಗಳು, ವಿಮಾನ ರಿಪೇರಿ ಮಾಡುವ ಟೆಕ್ನಿಷಿಯನ್‌ಗಳು, ಗುಂಡು ತುಂಬುವವರು, ಸ್ಟೋರ್ ನೋಡಿಕೊಳ್ಳುವವರು. ವಿಮಾನ ಹಳೆಯದಾದ್ರೆ ಬದಲಾಗುತ್ತೆ, ಊರು ಬದಲಾಗುತ್ತೆ, ಜನ ನಿವೃತ್ತಿ ಆಗ್ತಾರೆ. ಆದರೆ ನಂಬರ್ ಮತ್ತು ಹೆಸರು ಮುಂದುವರಿಯುತ್ತೆ. ನಮ್ಮಲ್ಲಿ ಒಕ್ಕದ ಹೆಸರು ತಲೆಮಾರಿನಿಂದ ತಲೆಮಾರಿಗೆ ಬರುತ್ತಲ್ಲ, ಹಾಗೆ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಬಿಡೋಣ. ‘ಸ್ಕ್ವಾಡ್ರನ್ ಲೀಡರ್’ ಅಂದ ತಕ್ಷಣ ಇಡೀ ಸ್ಕ್ವಾಡ್ರನ್‌ನ ಮುಖ್ಯಸ್ಥ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ. ಅದು ಒಂದು ದರ್ಜೆಯ ಹೆಸರು ಅಷ್ಟೇ, ಸೇನೆಯ ಮೇಜರ್‌ಗೆ ಸಮ. 1965ರಲ್ಲಿ ಟೈಗರ್ಸ್‌ನ ಕಮಾಂಡಿಂಗ್ ಆಫೀಸರ್ ಆಗಿದ್ದವರು ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಅವರ ಕೈಕೆಳಗಿನ ಅಧಿಕಾರಿ.

ಕರಾಚಿಯಲ್ಲಿ ಶುರು: 4 ವಿಮಾನ, 6 ಅಧಿಕಾರಿಗಳು

ಭಾರತೀಯ ವಾಯುಪಡೆ ಸ್ಥಾಪನೆ ಆಗಿದ್ದು 1932ರ ಅಕ್ಟೋಬರ್ 8ರಂದು. ಆಗ ಕೈಯಲ್ಲಿ ವಿಮಾನ ಇರಲಿಲ್ಲ, ಇದ್ದದ್ದು ಕಾಗದದ ಮೇಲಿನ ಕಾಯ್ದೆ ಮಾತ್ರ. ಮುಂದಿನ ವರ್ಷ, 1933ರ ಏಪ್ರಿಲ್ 1ರಂದು, ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ ನಂಬರ್ 1 ಸ್ಕ್ವಾಡ್ರನ್‌ನ ಮೊದಲ ತುಕಡಿ ಹುಟ್ಟಿತು. ಲೆಕ್ಕ ತುಂಬಾ ಚಿಕ್ಕದು: ತರಬೇತಿ ಪಡೆದ 6 ಅಧಿಕಾರಿಗಳು, 19 ಹವಾಯಿ ಸಿಪಾಯಿಗಳು, 4 ವಿಮಾನ. ಇವತ್ತಿನ ಇಡೀ ವಾಯುಪಡೆ ಬೆಳೆದು ಬಂದಿರೋದು ಅಷ್ಟರಿಂದ.

ಆ ವಿಮಾನದ ಹೆಸರು ವೆಸ್ಟ್‌ಲ್ಯಾಂಡ್ ವಾಪಿಟಿ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಮೇಲ್ಭಾಗ ತೆರೆದಿರೋ ಸೀಟು, ಮುಂದೆ ಪೈಲಟ್, ಹಿಂದೆ ಗನ್ ಹಿಡಿದವ. ಖರ್ಚು ಉಳಿಸೋಕೆ ಅಂತ ಬ್ರಿಟಿಷರು ಮೊದಲ ಮಹಾಯುದ್ಧದ ಕಾಲದ ಹಳೇ ವಿಮಾನದ ಉಳಿದ ಬಿಡಿಭಾಗಗಳನ್ನ ಬಳಸಿ ಮಾಡಿದ ವಿನ್ಯಾಸ ಇದು. ಕೆಲಸ ಏನಂದ್ರೆ ಸೇನೆಗೆ ಸಹಾಯ: ಮೇಲಿಂದ ನೋಡಿ ಸುದ್ದಿ ಕೊಡೋದು, ಬೇಕಾದ್ರೆ ಬಾಂಬ್ ಹಾಕೋದು. ವಾಯವ್ಯ ಗಡಿಯ ವಜೀರಿಸ್ತಾನದ ಮೀರಾನ್‌ಶಾಹದಿಂದ ಸ್ಕ್ವಾಡ್ರನ್ ಮೊದಲ ಸಲ ನಿಜವಾದ ಕಾರ್ಯಾಚರಣೆಗೆ ಇಳಿಯಿತು.

ಆ ಮೊದಲ ಅಧಿಕಾರಿಗಳಲ್ಲಿ ಒಬ್ಬರು ಸುಬ್ರೊತೊ ಮುಖರ್ಜಿ. 1939ರಲ್ಲಿ ಸ್ಕ್ವಾಡ್ರನ್‌ನ ಹೊಣೆ ಹೊತ್ತ ಮೊದಲ ಭಾರತೀಯ ಅವರೇ. ಸ್ವಾತಂತ್ರ್ಯದ ನಂತರ 1954ರಲ್ಲಿ ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥರಾದವರೂ ಅವರೇ. ಹವಾಯಿ ಸಿಪಾಯಿಗಳಲ್ಲೂ ಒಬ್ಬರನ್ನ ನೆನೆಯಬೇಕು, ಹರ್ಜಿಂದರ್ ಸಿಂಗ್. ಲಾಹೋರಿನಲ್ಲಿ ಎಂಜಿನಿಯರಿಂಗ್ ಓದಿಯೂ ತೀರಾ ಕೆಳಗಿನ ದರ್ಜೆಗೆ ಸೇರಿದರು. ಗ್ರೀಸ್ ಮೆತ್ತಿದ ಕೈಯಿಂದ ಶುರು ಮಾಡಿ ಏರ್ ವೈಸ್ ಮಾರ್ಷಲ್ ಆಗಿ ನಿವೃತ್ತರಾದರು. ಪೈಲಟ್‌ಗಳ ಹೆಸರು ಎಲ್ಲರಿಗೂ ಗೊತ್ತಿರುತ್ತೆ, ನೆಲದ ಮೇಲಿನವರ ಹೆಸರು ಯಾರೂ ಕೇಳೋದಿಲ್ಲ, ಅದಕ್ಕೆ ಇದನ್ನ ಇಲ್ಲಿ ಬರೆದೆ.

ಬರ್ಮಾದಲ್ಲಿ ಲೈಸ್ಯಾಂಡರ್, ಇಂಫಾಲದಲ್ಲಿ ಹರಿಕೇನ್

ಎರಡನೇ ಮಹಾಯುದ್ಧ ಬಂತು. 1941ರಲ್ಲಿ ಸ್ಕ್ವಾಡ್ರನ್‌ಗೆ ಲೈಸ್ಯಾಂಡರ್ ವಿಮಾನಗಳು ಸಿಕ್ಕವು. ಚಿಕ್ಕ ಜಾಗದಲ್ಲೂ ಇಳಿಯಬಲ್ಲ, ನಿಧಾನ ಹೋಗುವ ವಿಮಾನ. ಶತ್ರುವಿನ ನೆಲೆ ಮೇಲೆ ಬಾಂಬ್ ಹಾಕಿ ಬರೋದಕ್ಕೆ ಮಾಡಿದ್ದಲ್ಲ. ಆದರೆ 1942ರ ಫೆಬ್ರವರಿಯಲ್ಲಿ ಸ್ಕ್ವಾಡ್ರನ್ ಬರ್ಮಾದ ಟೌಂಗೂಗೆ ಹೋಗಿ ಇಳಿದ ಮಾರನೇ ದಿನವೇ ಜಪಾನಿ ವಿಮಾನಗಳು ಆ ನೆಲೆ ಮೇಲೆ ಬಾಂಬ್ ಸುರಿಸಿದವು. ಆಗ ಕಮಾಂಡರ್ ಆಗಿದ್ದ ಕೆ.ಕೆ. ಮಜುಂದಾರ್, ಎಲ್ಲರೂ ‘ಜಂಬೋ’ ಅಂತ ಕರೀತಿದ್ದವರು, ಸುಮ್ಮನೆ ಕೂರಲಿಲ್ಲ. ಲೈಸ್ಯಾಂಡರ್‌ಗೆ ಬಾಂಬ್ ಕಟ್ಟಿಸಿ ಜಪಾನಿಯರ ನೆಲೆ ಮೇಲೆಯೇ ಹೋಗಿ ಹಾಕಿ ಬಂದರು. ಅವರಿಗೆ ಡಿಎಫ್‌ಸಿ ಪದಕ ಸಿಕ್ಕಿತು. ಯುದ್ಧ ಮುಗಿಯುವ ಮುಂಚೆಯೇ, 1945ರಲ್ಲಿ ಲಾಹೋರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು.

1942ರಲ್ಲೇ ಲೈಸ್ಯಾಂಡರ್ ಹೋಗಿ ಹರಿಕೇನ್ ಬಂತು. ಇದು ನಿಜವಾದ ಫೈಟರ್. 1944ರ ಫೆಬ್ರವರಿಯಲ್ಲಿ ಸ್ಕ್ವಾಡ್ರನ್ ಮಣಿಪುರದ ಇಂಫಾಲಕ್ಕೆ ಹೋಯಿತು. ಅಲ್ಲಿ ಜಪಾನಿ ಸೇನೆ ಇಂಫಾಲವನ್ನೇ ಸುತ್ತುಹಾಕಿತ್ತು. ಮಳೆಗಾಲದಲ್ಲಿ ಬೆಟ್ಟ, ಮೋಡ, ಮಂಜಿನ ಮಧ್ಯೆ ಹಾರಾಟ ಹೇಗಿರುತ್ತೆ ಅನ್ನೋದನ್ನ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 14 ತಿಂಗಳು ಸ್ಕ್ವಾಡ್ರನ್ ಆ ಕಡೆಯೇ ಇತ್ತು. ಆಗಿನ ಕಮಾಂಡರ್ ಅರ್ಜನ್ ಸಿಂಗ್. ಅವರಿಗೂ ಡಿಎಫ್‌ಸಿ ಬಂತು, ಕೊಟ್ಟವರು ಲಾರ್ಡ್ ಮೌಂಟ್‌ಬ್ಯಾಟನ್.

ಅರ್ಜನ್ ಸಿಂಗ್ ಹೆಸರು ನೆನಪಿಟ್ಟುಕೊಳ್ಳಿ. 21 ವರ್ಷ ಆದ ಮೇಲೆ, 1965ರಲ್ಲಿ, ಇಡೀ ವಾಯುಪಡೆಯ ಮುಖ್ಯಸ್ಥರಾಗಿದ್ದವರು ಅವರೇ. 2002ರಲ್ಲಿ ಅವರಿಗೆ ಮಾರ್ಷಲ್ ಆಫ್ ದಿ ಏರ್ ಫೋರ್ಸ್ ಪದವಿ ಕೊಟ್ಟರು. ಸೇನೆಯಲ್ಲಿ ನಮ್ಮ ಕಾರ್ಯಪ್ಪ ಅವರ ಫೀಲ್ಡ್ ಮಾರ್ಷಲ್ ಪದವಿಗೆ ಸಮ ಅದು.

ವಿಭಜನೆ: ನಂಬರ್ ಹೋಯ್ತು, ವಾಪಸ್ ಬಂತು

1947ರಲ್ಲಿ ದೇಶ ಎರಡಾದಾಗ ಮನೆ, ಜಮೀನು, ರೈಲು ಪಾಲಾದ ಹಾಗೆ ವಾಯುಪಡೆಯೂ ಪಾಲಾಯಿತು. ಆಗ ನಂಬರ್ 1 ಸ್ಕ್ವಾಡ್ರನ್ ಇದ್ದದ್ದು ಪೇಶಾವರದಲ್ಲಿ. ಅದರ ವಿಮಾನ, ಸಾಮಾನು ಪಾಕಿಸ್ತಾನದ ಪಾಲಿಗೆ ಹೋದವು. ದೇಶದ ಮೊದಲ ಸ್ಕ್ವಾಡ್ರನ್ ಕೆಲವು ವರ್ಷ ಇಲ್ಲದೇ ಹೋಯಿತು.

1953ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನ, ನಂಬರ್ 15 ಸ್ಕ್ವಾಡ್ರನ್‌ಗೆ ನಂಬರ್ 1 ಅಂತ ಹೆಸರು ಬದಲಿಸಿ ಟೈಗರ್ಸ್‌ಗೆ ಮತ್ತೆ ಜೀವ ಕೊಟ್ಟರು. ಆಮೇಲೆ ಬಂದದ್ದು ಜೆಟ್ ಕಾಲ. ಸ್ಕ್ವಾಡ್ರನ್‌ಗೆ ವ್ಯಾಂಪೈರ್ ಜೆಟ್‌ಗಳು ಬಂದವು. ಇಲ್ಲಿ ಕರ್ನಾಟಕದ ನಂಟೂ ಇದೆ. ವ್ಯಾಂಪೈರ್‌ಗಳನ್ನ ಪರವಾನಗಿ ತೆಗೆದುಕೊಂಡು ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲೇ ತಯಾರು ಮಾಡ್ತಿದ್ದರು, ಅದೇ ಇವತ್ತಿನ ಎಚ್‌ಎಎಲ್. ವ್ಯಾಂಪೈರ್‌ನ ಮುಂಭಾಗದ ಒಡಲು ಪ್ಲೈವುಡ್ಡಿಂದ ಮಾಡಿದ್ದು ಅಂದ್ರೆ ನಂಬೋದು ಕಷ್ಟ, ಆದರೆ ನಿಜ.

ಮಿಸ್ಟೇರ್: ದೇವಯ್ಯ ಹಾರಿಸಿದ ವಿಮಾನ

1957ರಲ್ಲಿ ಟೈಗರ್ಸ್‌ಗೆ ಫ್ರಾನ್ಸ್‌ನ ದಸೋ ಕಂಪನಿಯ ಮಿಸ್ಟೇರ್-4ಎ ಬಂತು. ಭಾರತ ಈ ವಿಮಾನಗಳನ್ನ ನೂರಕ್ಕೂ ಹೆಚ್ಚು ಕೊಂಡಿತ್ತು. ಒಬ್ಬನೇ ಪೈಲಟ್, ಒಂದು ಎಂಜಿನ್, ಎರಡು 30 ಎಂಎಂ ಫಿರಂಗಿ, ರೆಕ್ಕೆ ಕೆಳಗೆ ಬಾಂಬ್ ಅಥವಾ ರಾಕೆಟ್. ಗಂಟೆಗೆ 1,100 ಕಿ.ಮೀ. ಆಸುಪಾಸಿನ ವೇಗ. ನೆಲದ ಮೇಲಿನ ಗುರಿ ಹೊಡೆಯೋಕೆ ಒಳ್ಳೇ ವಿಮಾನ. ಆದರೆ ಆಕಾಶದಲ್ಲಿ ಜಗಳಕ್ಕೆ ನಿಲ್ಲೋ ವಿಷಯದಲ್ಲಿ 1965ರ ಹೊತ್ತಿಗೆ ಹಳೆಯದಾಗಿತ್ತು.

ಅದೇ ಹೊತ್ತಿಗೆ ಪಾಕಿಸ್ತಾನದ ಬಳಿ ಅಮೆರಿಕ ಕೊಟ್ಟ ಎಫ್-104 ಸ್ಟಾರ್‌ಫೈಟರ್ ಇತ್ತು. ಶಬ್ದದ ಎರಡು ಪಟ್ಟು ವೇಗ, ಶಾಖ ಹುಡುಕಿಕೊಂಡು ಹೋಗಿ ಹೊಡೆಯುವ ಸೈಡ್‌ವೈಂಡರ್ ಕ್ಷಿಪಣಿ. ಮಿಸ್ಟೇರ್‌ಗೆ ಅಂಥ ಕ್ಷಿಪಣಿ ಇರಲಿಲ್ಲ. ಲೆಕ್ಕದ ಪ್ರಕಾರ ಇದು ಸರಿಸಮ ಜೋಡಿಯೇ ಅಲ್ಲ.

1965 ಸೆಪ್ಟೆಂಬರ್ 7ರ ಮುಂಜಾನೆ

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಂಜಾಬಿನ ಪಠಾಣ್‌ಕೋಟ್, ಆದಂಪುರ, ಹಲ್ವಾರ ನೆಲೆಗಳ ಮೇಲೆ ಎರಗಿದವು. ಪಠಾಣ್‌ಕೋಟ್‌ನಲ್ಲಿ ನಿಂತಿದ್ದ ನಮ್ಮ ವಿಮಾನಗಳೇ ಸುಟ್ಟುಹೋದವು. ರಾತ್ರಿ ಈ ನೆಲೆಗಳ ಸುತ್ತ ಪ್ಯಾರಾಚೂಟ್‌ನಲ್ಲಿ ಕಮಾಂಡೋಗಳನ್ನೂ ಇಳಿಸಿದರು. ಟೈಗರ್ಸ್ ಇದ್ದದ್ದು ಆದಂಪುರದಲ್ಲಿ. ಆ ರಾತ್ರಿ ಅಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬಂದಿರಲಿಕ್ಕಿಲ್ಲ.

ಮಾರನೇ ಬೆಳಿಗ್ಗೆ ಕತ್ತಲಲ್ಲೇ ಪ್ರತಿದಾಳಿ. ಗುರಿ ಸರ್ಗೋಧಾ, ಪಾಕಿಸ್ತಾನದ ಅತಿ ಬಲವಾದ ವಾಯುನೆಲೆ. ಆದಂಪುರದಿಂದ ನೇರ ದಾರಿಯಲ್ಲಿ ಸುಮಾರು 300 ಕಿ.ಮೀ. ನಮ್ಮಲ್ಲಿಂದ ಬೆಂಗಳೂರಿಗೆ ಹೋಗೋದಕ್ಕಿಂತ ಸ್ವಲ್ಪ ಜಾಸ್ತಿ. ಬಾಂಬ್ ಹೊತ್ತು, ರಾಡಾರ್ ಕಣ್ಣಿಗೆ ಬೀಳದಂತೆ ಕೆಳಗೆ ಹಾರಿದರೆ ಜೆಟ್ ವಿಮಾನ ಇಂಧನ ಕುಡಿದುಬಿಡುತ್ತೆ. ಹೋಗಿ, ಬಾಂಬ್ ಹಾಕಿ, ತಕ್ಷಣ ವಾಪಸ್ ತಿರುಗಿದರೆ ಮನೆ ಸೇರಬಹುದು. ಅಲ್ಲಿ ನಿಂತು ಜಗಳ ಮಾಡಿದರೆ ವಾಪಸ್ ಬರೋಕೆ ಇಂಧನ ಸಾಲೋದಿಲ್ಲ. ಇದು ಹೊರಡುವ ಮುಂಚೆಯೇ ಪ್ರತಿಯೊಬ್ಬ ಪೈಲಟ್‌ಗೂ ಗೊತ್ತಿದ್ದ ಲೆಕ್ಕ.

ತನೇಜಾ ಮುಂದಾಳತ್ವದಲ್ಲಿ 12 ಮಿಸ್ಟೇರ್ ಹೊರಡಬೇಕಿತ್ತು. ಯಾವುದಾದ್ರೂ ವಿಮಾನ ಕೆಟ್ಟರೆ ಅಂತ ಮೀಸಲಿಗೆ ಇಟ್ಟಿದ್ದವರಲ್ಲಿ ದೇವಯ್ಯ ಒಬ್ಬರು. 1932ರ ಡಿಸೆಂಬರ್ 24ರಂದು ಕೊಡಗಿನಲ್ಲಿ ಹುಟ್ಟಿದವರು, 1954ರಲ್ಲಿ ವಾಯುಪಡೆ ಸೇರಿದವರು, ಹೊಸ ಪೈಲಟ್‌ಗಳಿಗೆ ಹಾರೋದು ಕಲಿಸುತ್ತಿದ್ದ ಅನುಭವಿ. ವಯಸ್ಸು 32. ಆ ಬೆಳಿಗ್ಗೆ ಒಂದು ವಿಮಾನ ಹಿಂದೆ ಸರಿಯಿತು, ಆ ಜಾಗಕ್ಕೆ ದೇವಯ್ಯ ಹೋದರು.

ಮಿಸ್ಟೇರ್‌ಗಳು ಸರ್ಗೋಧಾ ಮೇಲೆ ಬಾಂಬ್ ಹಾಕಿ ತಿರುಗಿದವು. ಆಗ ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್‌ನಲ್ಲಿ ಬೆನ್ನು ಹತ್ತಿದರು. ಸಿಕ್ಕಿದ್ದು ದೇವಯ್ಯ ಅವರ ವಿಮಾನ. ಮೊದಲು ಬಿಟ್ಟ ಕ್ಷಿಪಣಿ ತಾಗಲಿಲ್ಲ. ನಂತರ ಫಿರಂಗಿಯಿಂದ ಹೊಡೆದರು, ಮಿಸ್ಟೇರ್‌ಗೆ ಪೆಟ್ಟು ಬಿತ್ತು. ಇದರ ಕತೆ ಮುಗೀತು ಅಂದುಕೊಂಡು ಸ್ಟಾರ್‌ಫೈಟರ್ ಬೇರೆ ಮಿಸ್ಟೇರ್‌ಗಳ ಕಡೆ ತಿರುಗಿತು.

ಆದರೆ ಕತೆ ಮುಗಿದಿರಲಿಲ್ಲ. ಪೆಟ್ಟು ತಿಂದ ವಿಮಾನದಲ್ಲೇ ದೇವಯ್ಯ ತಿರುಗಿ ಎದುರು ಬಿದ್ದರು. ನೆಲಕ್ಕೆ ಹತ್ತಿರ, ಕಮ್ಮಿ ವೇಗದಲ್ಲಿ, ಒಬ್ಬರ ಬಾಲ ಒಬ್ಬರು ಹಿಡಿಯುವ ಆಟ ನಡೆಯಿತು. ಎತ್ತರದಲ್ಲಿ, ಅತಿ ವೇಗದಲ್ಲಿ ಸ್ಟಾರ್‌ಫೈಟರ್ ರಾಜ. ಆದರೆ ಅದರ ರೆಕ್ಕೆ ತೀರಾ ಚಿಕ್ಕದು, ಬೇಗ ತಿರುಗೋಕೆ ಆಗಲ್ಲ. ಕೆಳಗೆ, ನಿಧಾನದ ಜಗಳಕ್ಕೆ ಎಳೆದರೆ ಮಿಸ್ಟೇರ್‌ಗೆ ಒಂದು ಅವಕಾಶ ಇತ್ತು. ದೇವಯ್ಯ ಅವರ ಗುಂಡು ಸ್ಟಾರ್‌ಫೈಟರ್‌ಗೆ ತಾಗಿತು. ಅಮ್ಜದ್ ಹುಸೇನ್ ವಿಮಾನದಿಂದ ಹಾರಿ ಜೀವ ಉಳಿಸಿಕೊಂಡರು. ದೇವಯ್ಯ ಅವರ ಮಿಸ್ಟೇರ್ ಆದಂಪುರಕ್ಕೆ ಬರಲಿಲ್ಲ. ಅವರು ಪಾಕಿಸ್ತಾನದ ನೆಲದಲ್ಲೇ ಮಣ್ಣಾದರು.

23 ವರ್ಷ ಯಾರಿಗೂ ಗೊತ್ತಿರಲಿಲ್ಲ

ಈಗ ಓದುವಾಗ ಇದೆಲ್ಲ ಆಗಲೇ ಗೊತ್ತಿತ್ತು ಅನ್ನಿಸಬಹುದು. ಇಲ್ಲ. ಜೊತೆಗಿದ್ದ ಪೈಲಟ್‌ಗಳು ಯಾರೂ ಈ ಜಗಳವನ್ನ ಪೂರ್ತಿ ನೋಡಿರಲಿಲ್ಲ. ಅವರೆಲ್ಲ ಮನೆ ಕಡೆ ತಿರುಗಿ ಆಗಿತ್ತು. ದಾಖಲೆಯಲ್ಲಿ ಉಳಿದದ್ದು ಒಂದೇ ಪದ: ಕಾಣೆ. ಶತ್ರುವಿನ ಗುಂಡು ತಾಗಿತೋ, ಇಂಧನ ಮುಗಿಯಿತೋ, ಸೆರೆ ಸಿಕ್ಕರೋ, ಯಾವುದೂ ತಿಳಿದಿರಲಿಲ್ಲ. ಆಮೇಲೆ ತೀರಿಕೊಂಡಿದ್ದಾರೆ ಅಂತ ಪರಿಗಣಿಸಿದರು. ಮನೆಯವರಿಗೆ ಶವವೂ ಬರಲಿಲ್ಲ, ಏನಾಯ್ತು ಅನ್ನೋ ಉತ್ತರವೂ ಬರಲಿಲ್ಲ. ಸಾವಿನ ಮನೆಯಲ್ಲಿ ಮಾಡಬೇಕಾದ ಕಾರ್ಯಕ್ಕೆ ದೇಹವೇ ಇಲ್ಲ ಅಂದ್ರೆ ಆ ನೋವು ಏನು ಅಂತ ಕೊಡಗಿನ ಹಿರಿಯರಿಗೆ ಗೊತ್ತು.

ಸತ್ಯ ಹೊರಗೆ ಬಂದದ್ದು ಗಡಿಯ ಆ ಕಡೆಯಿಂದ. ಪಾಕಿಸ್ತಾನದ ವಾಯುಪಡೆ ಬಗ್ಗೆ ಬ್ರಿಟಿಷ್ ಬರಹಗಾರ ಜಾನ್ ಫ್ರಿಕರ್ 1979ರಲ್ಲಿ ಒಂದು ಪುಸ್ತಕ ತಂದರು. ಸರ್ಗೋಧಾ ದಾಳಿಯ ದಿನ ಒಂದು ಮಿಸ್ಟೇರ್ ಜೊತೆಗಿನ ಕಾದಾಟದಲ್ಲಿ ಸ್ಟಾರ್‌ಫೈಟರ್ ಬಿತ್ತು ಅನ್ನೋ ವಿವರ ಅದರಲ್ಲಿತ್ತು. ಹಾಗಾದ್ರೆ ಹೊಡೆದದ್ದು ಯಾರು? ಆ ಮುಂಜಾನೆಯ ತಂಡದಲ್ಲಿ ವಾಪಸ್ ಬಂದವರು ಯಾರೂ ಸ್ಟಾರ್‌ಫೈಟರ್ ಹೊಡೆದಿರಲಿಲ್ಲ. ಬಾರದವರು ಒಬ್ಬರೇ. ಉಳಿದ ಲೆಕ್ಕ ಅಂಗಡಿ ಲೆಕ್ಕದಷ್ಟೇ ಸುಲಭ.

ಅಷ್ಟು ಹೊತ್ತಿಗೆ ನಿವೃತ್ತರಾಗಿದ್ದ ತನೇಜಾ ಸುಮ್ಮನಾಗಲಿಲ್ಲ. ತಮ್ಮ ಹುಡುಗನಿಗೆ ನ್ಯಾಯ ಸಿಗಬೇಕು ಅಂತ ವಾಯುಪಡೆಗೆ ಬರೆದು ಬೆನ್ನು ಹತ್ತಿದರು. ಕೊನೆಗೆ 1988ರಲ್ಲಿ ದೇವಯ್ಯ ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಯುದ್ಧಕಾಲದ ಶೌರ್ಯಕ್ಕೆ ಕೊಡುವ ಪದಕಗಳಲ್ಲಿ ಪರಮವೀರ ಚಕ್ರದ ನಂತರ ಇದೇ ದೊಡ್ಡದು. ಯುದ್ಧ ಮುಗಿದು 23 ವರ್ಷ ಆಗಿತ್ತು.

ಅದೇ ಯುದ್ಧದಲ್ಲಿ ಕೊಡಗಿನ ಇನ್ನೊಬ್ಬ ಪೈಲಟ್ ಕೂಡ ಪಾಕಿಸ್ತಾನದ ನೆಲದಲ್ಲಿ ಇಳಿಯಬೇಕಾಯಿತು. ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಅವರ ಮಗ ಕೆ.ಸಿ. ಕಾರ್ಯಪ್ಪ. ಅವರ ಹಂಟರ್ ವಿಮಾನವನ್ನ ಹೊಡೆದುರುಳಿಸಿ ಸೆರೆ ಹಿಡಿದರು. ಅವರು ಬದುಕಿ ಬಂದರು, ಮುಂದೆ ಏರ್ ಮಾರ್ಷಲ್ ಆದರು. ಅವರು ಇದ್ದದ್ದು ನಂಬರ್ 20 ಸ್ಕ್ವಾಡ್ರನ್, ಟೈಗರ್ಸ್ ಅಲ್ಲ. ಇಬ್ಬರನ್ನೂ ಒಂದೇ ಘಟನೆ ಅಂತ ಬೆರೆಸಬೇಡಿ.

ಮಿಗ್, ಆಮೇಲೆ ಮಿರಾಜ್

ಮಿಸ್ಟೇರ್ ನಂತರ ಟೈಗರ್ಸ್‌ಗೆ ರಷ್ಯಾ ಮೂಲದ ಮಿಗ್-21 ಬಂತು. 1971ರ ಯುದ್ಧವನ್ನ ಅದೇ ವಿಮಾನದಲ್ಲಿ ಎದುರಿಸಿದರು. ಮಿಗ್-21ರ ಕೊನೆಯ ವಿಮಾನಗಳು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಿವೃತ್ತಿ ಆದವು, ಟಿ.ವಿ.ಯಲ್ಲಿ ನೋಡಿರ್ತೀರಿ. ಟೈಗರ್ಸ್ ಮಾತ್ರ ಅದನ್ನ ಬಿಟ್ಟು ತುಂಬಾ ವರ್ಷ ಆಗಿತ್ತು.

1980ರ ದಶಕದಲ್ಲಿ ಮತ್ತೆ ಫ್ರಾನ್ಸ್‌ನ ದಸೋ ಕಂಪನಿಯ ವಿಮಾನ, ಮಿರಾಜ್-2000. ಮೊದಲು ನಂಬರ್ 7 ಸ್ಕ್ವಾಡ್ರನ್‌ಗೆ, ಆಮೇಲೆ 1986ರಲ್ಲಿ ನಂಬರ್ 1ಕ್ಕೆ. ನೆಲೆ ಮಧ್ಯಪ್ರದೇಶದ ಗ್ವಾಲಿಯರ್. ಹಿಂದಿ ಹೆಸರು ‘ವಜ್ರ’.

1999ರ ಕಾರ್ಗಿಲ್ ಯುದ್ಧದಲ್ಲಿ ಮಿರಾಜ್‌ಗಳ ಕೆಲಸ ಎಲ್ಲರಿಗೂ ಗೊತ್ತಾಯಿತು. ಎತ್ತರದ ಶಿಖರಗಳ ಮೇಲೆ ಕುಳಿತಿದ್ದವರನ್ನ ಮೇಲಿಂದ ಹೊಡೆಯೋದು ಕಷ್ಟ, ಬಾಂಬ್ ಸ್ವಲ್ಪ ಆಚೆ ಬಿದ್ದರೂ ಕಣಿವೆಗೆ ಉರುಳುತ್ತೆ. ಮಿರಾಜ್‌ಗಳು ಲೇಸರ್ ಕಿರಣದ ದಾರಿ ಹಿಡಿದು ಹೋಗುವ ಬಾಂಬ್ ಬಳಸಿದವು. ಟೈಗರ್ ಹಿಲ್ ಮೇಲಿನ ಬಂಕರ್‌ಗಳು ಹೀಗೆ ಹೋದವು, ಮುಂತೋ ಧಾಲೋದಲ್ಲಿದ್ದ ಶತ್ರುವಿನ ದಾಸ್ತಾನು ನೆಲೆಯೂ ಮಿರಾಜ್‌ಗಳ ದಾಳಿಗೆ ಹೋಯಿತು. 2019ರ ಫೆಬ್ರವರಿ 26ರ ಬಾಲಾಕೋಟ್ ದಾಳಿಯಲ್ಲಿ ಹೋದದ್ದೂ ಮಿರಾಜ್‌ಗಳೇ.

ಹಳೇ ಮಿರಾಜ್‌ಗಳಿಗೆ ಹೊಸ ರಾಡಾರ್, ಹೊಸ ಕಂಪ್ಯೂಟರ್ ಹಾಕುವ ಕೆಲಸಕ್ಕೆ 2011ರಲ್ಲಿ ಒಪ್ಪಂದ ಆಯಿತು. ಆ ಕೆಲಸದ ದೊಡ್ಡ ಪಾಲು ನಡೆದದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. 2019ರ ಫೆಬ್ರವರಿ 1ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣದಲ್ಲಿ ಹೀಗೆ ಸುಧಾರಿಸಿದ ಒಂದು ಮಿರಾಜ್ ಪರೀಕ್ಷೆ ವೇಳೆ ಬಿದ್ದು ಇಬ್ಬರು ಪೈಲಟ್‌ಗಳು ತೀರಿಕೊಂಡರು. ಯುದ್ಧ ಇಲ್ಲದ ದಿನವೂ ಈ ಕೆಲಸದಲ್ಲಿ ಜೀವ ಹೋಗುತ್ತೆ.

ಒಂದೇ ನೋಟದಲ್ಲಿ: ಟೈಗರ್ಸ್‌ನ ಮುಖ್ಯ ವಿಮಾನಗಳು

* ವಾಪಿಟಿ: 1933ರಿಂದ. ಕರಾಚಿ, ವಾಯವ್ಯ ಗಡಿ
* ಲೈಸ್ಯಾಂಡರ್: 1941ರಿಂದ. ಬರ್ಮಾ
* ಹರಿಕೇನ್: 1942ರಿಂದ. ಇಂಫಾಲ
* ವ್ಯಾಂಪೈರ್: 1953ರಲ್ಲಿ ಮರುಜೀವ ಪಡೆದ ನಂತರ
* ಮಿಸ್ಟೇರ್-4ಎ: 1957ರಿಂದ. 1965ರ ಯುದ್ಧ, ದೇವಯ್ಯ
* ಮಿಗ್-21: 1971ರ ಯುದ್ಧ
* ಮಿರಾಜ್-2000: 1986ರಿಂದ. ಗ್ವಾಲಿಯರ್

ಸಿನಿಮಾ ನೋಡಿದವರಿಗೆ

2025ರ ಜನವರಿಯಲ್ಲಿ ಬಂದ ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ ಇದೇ ಸರ್ಗೋಧಾ ದಾಳಿಯಿಂದ ಪ್ರೇರಣೆ ಪಡೆದದ್ದು. ಅದರಲ್ಲಿ ಪಾತ್ರಗಳ ಹೆಸರು ಬೇರೆ. ಸಿನಿಮಾ ಅಂದ ಮೇಲೆ ಹಾಡು, ಡೈಲಾಗ್, ಒಂದಷ್ಟು ಸೇರಿಸಿದ್ದು ಇರುತ್ತೆ ಬಿಡಿ. ಆದರೆ ಮೂಲ ವಿಷಯ, ಅಂದರೆ ಮೀಸಲಿನಲ್ಲಿದ್ದ ಪೈಲಟ್ ಹೋದದ್ದು, ವಾಪಸ್ ಬಾರದೇ ಇದ್ದದ್ದು, ಕಮಾಂಡರ್ ವರ್ಷಗಟ್ಟಲೆ ಬೆನ್ನು ಹತ್ತಿದ್ದು, ಅದು ನಡೆದದ್ದೇ. ಮಕ್ಕಳು ಕೇಳಿದರೆ ನಿಜವಾದ ಹೆಸರು ಹೇಳಿ: ಅಜ್ಜಮಾಡ ಬೋಪಯ್ಯ ದೇವಯ್ಯ.

ಪ್ರತಿ ವರ್ಷ ಸೆಪ್ಟೆಂಬರ್ 7 ಬರುತ್ತೆ. ಆ ದಿನ ವೃತ್ತದ ಹತ್ತಿರ ಹೋದಾಗ ಒಂದು ನಿಮಿಷ ಗಾಡಿ ಬದಿಗೆ ಹಾಕಿ. ಅಂಗಡಿಯವರು ಪಕ್ಕದಲ್ಲಿ ನಿಂತ ಪ್ರವಾಸಿಗರಿಗೆ ‘ಇವರು ಯಾರು ಗೊತ್ತಾ?’ ಅಂತ ಎರಡು ಮಾತು ಹೇಳಿ. 23 ವರ್ಷ ಒಬ್ಬರ ಧೈರ್ಯ ದಾಖಲೆಯಲ್ಲಿ ‘ಕಾಣೆ’ ಅನ್ನೋ ಪದದ ಅಡಿಯಲ್ಲಿ ಕೂತಿತ್ತು. ನಮ್ಮ ಊರಲ್ಲೇ ಅದು ಮತ್ತೆ ಕಾಣೆ ಆಗಬಾರದು.